ಹಂಗೇರಿಯ ಪೇಚ್ ನಗರ: ಜನ ಮತ ಬದಲಿಸಿದರೋ, ಊರಿನ ಜನರೇ ಬದಲಾದರೋ?

ನಕ್ಷೆಪ್ರಿಯ

ದಕ್ಷಿಣ ಹಂಗೇರಿಯ ಪೇಚ್ ನಗರದ ಬಗ್ಗೆ ಯಾವ ಪ್ರವಾಸಿ ಬರಹ ತೆಗೆದರೂ ಇಷ್ಟೇ ಇರುತ್ತೆ: ರೋಮನ್ನರ ಕಾಲದಲ್ಲೇ ಕ್ರೈಸ್ತರಿದ್ದ ಊರು, 1009ರಿಂದ ಕ್ಯಾಥೊಲಿಕ್ ಬಿಷಪ್ಪರ ಪೀಠ, 1543ರಿಂದ 1686ರವರೆಗೆ ಒಟ್ಟೊಮನ್ ಕೈಯಲ್ಲಿ ಮುಸಲ್ಮಾನರ ಊರು, ಆಮೇಲೆ ಮತ್ತೆ ಕ್ಯಾಥೊಲಿಕ್. ಓದಿದರೆ ಅದೇ ಮನೆಗಳ ಅದೇ ಜನ ಅಂಗಿ ಬದಲಿಸಿದ ಹಾಗೆ ಮತ ಬದಲಿಸುತ್ತಾ ಹೋದರು ಅನ್ನಿಸುತ್ತೆ.

143 ವರ್ಷ ಅಂದರೆ ಐದಾರು ತಲೆಮಾರು. ಅಷ್ಟು ಕಾಲ ನಮಾಜು ಮಾಡಿದ ಊರು ಹತ್ತಿಪ್ಪತ್ತು ವರ್ಷದಲ್ಲಿ ಪೂರ್ತಿ ಕ್ಯಾಥೊಲಿಕ್ ಆಗಿದ್ದು ಹೇಗೆ? ಮತಾಂತರವೋ, ವಲಸೆಯೋ, ಕೊಲೆಯೋ? ಈ ನಗರದ ಮತವಾರು ನಕ್ಷೆಯನ್ನ ಪದರ ಪದರವಾಗಿ ಮಾಡಬೇಕು ಅನ್ನೋದು ಉದ್ದೇಶ. ಯಾವ ದಾಖಲೆ ನಂಬಬಹುದು, ಯಾವುದನ್ನ ಹೇಗೆ ಓದಬೇಕು ಅಂತ ಬಲ್ಲವರು ಬರೆಯಿರಿ.

ದಫ್ತರದಾರ್

ಉತ್ತರ ಮೊದಲೇ ಹೇಳಿಬಿಡ್ತೀನಿ: ಬಹುಪಾಲು ಜನರೇ ಬದಲಾದರು. ಮತಾಂತರ ನಡೆದಿದೆ, ಆದರೆ ಅದು ಎರಡನೇ ಕಾರಣ.

ಒಟ್ಟೊಮನ್ನರು ಹಂಗೇರಿಯ ದೊರೆಯನ್ನ ಸೋಲಿಸಿದ 1526ರ ಮೊಹಾಚ್ ಕದನ ನಡೆದ ಜಾಗ ಪೇಚ್‌ಗೆ ಸುಮಾರು 40 ಕಿ.ಮೀ. ದೂರ. ಆ ವರ್ಷವೇ ಊರು ಲೂಟಿಯಾಯ್ತು. 1543ರ ಜುಲೈನಲ್ಲಿ ಒಟ್ಟೊಮನ್ ಸುಲ್ತಾನ ಸುಲೈಮಾನನ ಸೈನ್ಯ ಬಂದಾಗ ಇಲ್ಲಿ ಮುತ್ತಿಗೆ ಅಂತ ನಡೆಯಲೇ ಇಲ್ಲ. ಕೋಟೆ ಕಾಯಬೇಕಾದವರು ಮೊದಲೇ ಜಾಗ ಖಾಲಿ ಮಾಡಿದ್ದರು, ಉಳಿದ ಪಟ್ಟಣಿಗರು ಶರಣಾದರು. ಅಂದರೆ ಪಾದ್ರಿವರ್ಗ, ಕುಲೀನರು, ಕೈಯಲ್ಲಿ ಕಾಸಿದ್ದ ವರ್ತಕರು ಮೊದಲೇ ಹೊರಟಿದ್ದರು. ಅವರು ಬಿಟ್ಟ ಮನೆಗಳಿಗೆ ಬಂದವರು ಕೋಟೆಪಡೆಯ ಸಿಪಾಯಿಗಳು, ಅಧಿಕಾರಿಗಳು, ಅವರ ಹಿಂದೆ ಬಂದ ಚಮ್ಮಾರರು, ಜೀನುಗಾರರು, ಬಟ್ಟೆ ವ್ಯಾಪಾರಿಗಳು. ಇವರಲ್ಲಿ ಹೆಚ್ಚಿನವರು ಅನಟೋಲಿಯಾದ ತುರ್ಕರಲ್ಲ, ಬೋಸ್ನಿಯಾ ಕಡೆಯ ಮುಸಲ್ಮಾನರು, ಮನೆಮಾತು ಸ್ಲಾವ್. ಉಳಿದ ಹಂಗೇರಿಯನ್ನರು ನಿಧಾನಕ್ಕೆ ಗೋಡೆಯ ಹೊರಗಿನ ಕೇರಿಗಳಿಗೆ ಸರಿದರು.

ಈಗ ಲೆಕ್ಕದ ವಿಷಯ. 16ನೇ ಶತಮಾನಕ್ಕೆ ಮುಖ್ಯ ಆಧಾರ ತಹ್ರೀರ್ ದಫ್ತರು, ತೆರಿಗೆ ವಿಧಿಸಲು ಮಾಡಿದ ಸರ್ವೆ. ಅದರಲ್ಲಿ ‘ಹಾನೆ’ ಅಂದರೆ ಒಲೆ ಹೊತ್ತುವ ಒಂದು ಕುಟುಂಬ, ‘ಮುಜರ್ರದ್’ ಅಂದರೆ ಮದುವೆಯಾಗದ ವಯಸ್ಕ ಗಂಡಸು. ಹಾನೆಯನ್ನ 5ರಿಂದ ಗುಣಿಸಿ ಮುಜರ್ರದರನ್ನ ಕೂಡಿಸೋದು ರೂಢಿ. ಜನ ಎಡವೋದು ಇಲ್ಲೇ. ಸಿಪಾಯಿಗಳಿಗೆ, ಇಮಾಮರಿಗೆ ತೆರಿಗೆ ಇಲ್ಲ, ಹಾಗಾಗಿ ತೆರಿಗೆ ಕಟ್ಟುವವರ ಪಟ್ಟಿಯಲ್ಲಿ ಅವರು ಸಿಗಲ್ಲ. ಕೋಟೆ ಊರಿನಲ್ಲಿ ಮುಸಲ್ಮಾನರ ದೊಡ್ಡ ಪಾಲು ಅವರೇ. ಅವರನ್ನ ಹುಡುಕಬೇಕಾದ್ದು ಸಂಬಳದ ದಫ್ತರುಗಳಲ್ಲಿ. ಎರಡನ್ನೂ ಸೇರಿಸದೆ ಶೇಕಡಾವಾರು ಬರೆದರೆ ಕ್ರೈಸ್ತರ ಸಂಖ್ಯೆ ಉಬ್ಬಿ ಕಾಣುತ್ತೆ.

ಬೆಳ್ಳಕ್ಕಿ

ಹಾಗಾದ್ರೆ ಹಂಗೇರಿಯನ್ನರು ಯಾರೂ ಮುಸಲ್ಮಾನರಾಗಲೇ ಇಲ್ವಾ?

ದಫ್ತರದಾರ್

ಆದರು, ಕಡಿಮೆ. ಹೊಸದಾಗಿ ಇಸ್ಲಾಂ ಸೇರಿದವರ ತಂದೆ ಹೆಸರಿನ ಜಾಗದಲ್ಲಿ ‘ಅಬ್ದುಲ್ಲಾನ ಮಗ’ ಅಂತ ಬರೆಯುವ ರೂಢಿ ಒಟ್ಟೊಮನ್ ಗುಮಾಸ್ತರಲ್ಲಿತ್ತು. ಸಂಬಳದ ಪಟ್ಟಿಯಲ್ಲಿ ಅಂಥ ಹೆಸರುಗಳನ್ನ ಎಣಿಸಿದರೆ ಮೊದಲ ತಲೆಮಾರಿನ ಮತಾಂತರಿಗಳ ಅಂದಾಜು ಸಿಗುತ್ತೆ. ಆದರೆ ಎರಡು ತೊಡಕು. ನಿಜವಾಗಿಯೂ ಅಬ್ದುಲ್ಲಾ ಅನ್ನುವ ತಂದೆಯ ಮಕ್ಕಳೂ ಇರುತ್ತಾರೆ. ಇನ್ನೊಂದು, ಆ ವ್ಯಕ್ತಿ ಪೇಚ್‌ನಲ್ಲೇ ಮತ ಬದಲಿಸಿದನೋ ಬೋಸ್ನಿಯಾದಲ್ಲೇ ಬದಲಿಸಿ ಬಂದನೋ ಗೊತ್ತಾಗಲ್ಲ. ಗಡಿ ಕೋಟೆಗಳಲ್ಲಿ ಎರಡನೆಯವರೇ ಜಾಸ್ತಿ.

ಗಣತಿಗಾರ

ಜಿಜಿಯಾ ಪಟ್ಟಿಗಳನ್ನೂ ಸೇರಿಸಿ. ಮುಸಲ್ಮಾನರಲ್ಲದವರ ಸಂಖ್ಯೆಗೆ ಅದು ನೇರ ಆಧಾರ.

ದಫ್ತರದಾರ್

ನೇರ ಅಲ್ಲ ಸರ್. ತಲೆಗೊಂದರಂತೆ ಜಿಜಿಯಾ ಹಾಕುವ ಸುಧಾರಣೆ ಬಂದದ್ದು 1691ರಲ್ಲಿ, ಆಗ ಪೇಚ್ ಕೈತಪ್ಪಿ ಐದು ವರ್ಷ ಆಗಿತ್ತು. ಅಲ್ಲಿಯವರೆಗೆ ಈ ಊರಿನ ಜಿಜಿಯಾ ಎಲ್ಲಾ ಮನೆಲೆಕ್ಕ. 17ನೇ ಶತಮಾನಕ್ಕೆ ಬರುವಷ್ಟರಲ್ಲಿ ಆ ‘ಮನೆ’ಯೂ ಬರೀ ತೆರಿಗೆಯ ಲೆಕ್ಕದ ಘಟಕ, ಹಲವು ಕುಟುಂಬ ಸೇರಿ ಒಂದು ಹಾನೆ. ಸಂಖ್ಯೆ ಅರ್ಧಕ್ಕೆ ಇಳಿದದ್ದು ಕಂಡರೆ ಊರು ಖಾಲಿಯಾಯ್ತು ಅಂತ ಬರೆಯೋ ಮುಂಚೆ ಒಂದು ಹಾನೆಗೆ ಎಷ್ಟು ಹಣ ಬಿದ್ದಿದೆ ನೋಡಬೇಕು. ತಲಾ ಮೊತ್ತ ಏರಿದ್ದರೆ ಕುಟುಂಬಗಳನ್ನ ಒಟ್ಟುಗೂಡಿಸಿದ್ದಾರೆ ಅಂತ.

ಕುಡ್ಲದ_ಓದು

ಮಾರಾಯ್ರೇ, ಎಲ್ಲರೂ ಯುನಿಟೇರಿಯನ್ನರನ್ನು ಬಿಟ್ಟೇ ಬಿಟ್ರಲ್ಲ! ಪೇಚ್‌ನ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಚ್ಚರಿ ಅದೇ ಅಲ್ವಾ? ಕ್ಯಾಥೊಲಿಕ್ ಮತ್ತು ಮುಸ್ಲಿಂ ಅಂತ ಎರಡೇ ಬಣ್ಣ ಹಾಕಿದರೆ ನಕ್ಷೆ ಸುಳ್ಳು ಹೇಳ್ತದೆ.

ಒಟ್ಟೊಮನ್ ಕಾಲದಲ್ಲಿ ಗೋಡೆಯೊಳಗಿನ ಇಗರ್ಜಿಗಳೆಲ್ಲ ಮಸೀದಿ ಅಥವಾ ಉಗ್ರಾಣ ಆದವು. ಕ್ರೈಸ್ತರಿಗೆ ಉಳಿದದ್ದು ಗೋಡೆಯ ಹೊರಗೆ, ಪೂರ್ವ ದಿಕ್ಕಿನ ಗುಡ್ಡದ ಇಳಿಜಾರಿನ ಸರ್ವಸಂತರ ಇಗರ್ಜಿ ಒಂದೇ. ಅದನ್ನು ಕ್ಯಾಥೊಲಿಕರು, ಕ್ಯಾಲ್ವಿನ್ ಪಂಥದವರು (ಪ್ರಾಟೆಸ್ಟೆಂಟರ ಒಂದು ಶಾಖೆ), ಯುನಿಟೇರಿಯನ್ನರು ಹಂಚಿಕೊಂಡು ಬಳಸಿದರು. ತ್ರಿಯೇಕ ದೇವರನ್ನು (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದನ್ನು) ಒಪ್ಪದ ಯುನಿಟೇರಿಯನ್ ಪಂಥ ಟ್ರಾನ್ಸಿಲ್ವೇನಿಯಾದಲ್ಲಿ ಧರ್ಮಬೋಧಕ ಫೆರೆಂಟ್ಸ್ ದಾವಿದ್ ಕಾಲದಲ್ಲಿ, 1560ರ ದಶಕದಲ್ಲಿ ಬೆಳೆದದ್ದು. ಅಲ್ಲಿಂದ ನೂರಾರು ಮೈಲಿ ದೂರದ ಪೇಚ್‌ನಲ್ಲಿ ಅವರದ್ದು ಗಟ್ಟಿ ಸಭೆ ಇತ್ತು. 1588ರಲ್ಲಿ ಅವರ ಪಾದ್ರಿ ಜ್ಯೋರ್ಜ್ ವಾಲಸೂತಿ ಮತ್ತು ರಾತ್ಸ್‌ಕೆವೆಯ ಕ್ಯಾಲ್ವಿನ್ ಪಾದ್ರಿ ಮಾತೆ ಸ್ಕಾರಿತ್ಸಾ ನಡುವೆ ಬಹಿರಂಗ ವಾದ ನಡೆಯಿತು. ವಾಲಸೂತಿ ಅದನ್ನು ಬರೆದಿಟ್ಟ ಹಸ್ತಪ್ರತಿ ಅಚ್ಚಾದದ್ದು 20ನೇ ಶತಮಾನದಲ್ಲಿ.

ಆಸ್ಟ್ರಿಯಾದ ಕ್ಯಾಥೊಲಿಕ್ ರಾಜಮನೆತನವಾದ ಹ್ಯಾಬ್ಸ್‌ಬರ್ಗ್ ಆಡಳಿತದ ಊರಿನಲ್ಲಿ ಆ ಕಾಲಕ್ಕೆ ಈ ವಾದ ಸಾಧ್ಯವೇ ಇರಲಿಲ್ಲ. ಬಿಷಪ್ಪರ ಅಧಿಕಾರ ಇಲ್ಲದ ಕಡೆ ಮಾತ್ರ ಇಂಥದ್ದಕ್ಕೆ ಜಾಗ ಉಂಟು.

ಧಾರವಾಡದ_ಪುಟ್ಯಾ

ಅಲ್ರೀ, ಹಂಗಂದ್ರ ತುರ್ಕರು ಭಾಳ ಉದಾರಿಗಳು ಅಂತ ಆತಲ್ಲ? ಮೂರು ಪಂಥದವರು ಒಂದ ಚರ್ಚಿನ್ಯಾಗ ಪ್ರಾರ್ಥನಾ ಮಾಡತಿದ್ರು ಅಂದ್ರ ಇನ್ನೇನ ಬೇಕ್ರೀ?

ದಫ್ತರದಾರ್

ಪುಟ್ಯಾ ಅವರೇ, ಒಂದೇ ಚರ್ಚು ಯಾಕೆ ಇತ್ತು ಅಂತ ಕೇಳಿ. ಹೊಸ ಚರ್ಚು ಕಟ್ಟೋದು ನಿಷಿದ್ಧ. ಹಳೆಯದನ್ನ ದುರಸ್ತಿ ಮಾಡಬೇಕಾದರೂ ಖಾಜಿಯ ಮುಂದೆ ಅರ್ಜಿ, ಸ್ಥಳ ಪರೀಕ್ಷೆ, ‘ಹಿಂದೆ ಎಷ್ಟಿತ್ತೋ ಅಷ್ಟೇ ಅಳತೆ’ ಅನ್ನೋ ಷರತ್ತು, ಪ್ರತಿ ಹೆಜ್ಜೆಗೂ ಶುಲ್ಕ. ಹಂಗೇರಿಯಲ್ಲಿ ಆ ಕಾಲದ ಇಂಥ ಅನುಮತಿ ಪತ್ರಗಳು ಸಾಕಷ್ಟು ಉಳಿದಿವೆ. ಕ್ಯಾಥೊಲಿಕರೋ ಕ್ಯಾಲ್ವಿನ್ನರೋ ಅನ್ನೋದು ಖಾಜಿಗೆ ಮುಖ್ಯ ಆಗಿರಲಿಲ್ಲ, ತೆರಿಗೆ ಮತ್ತು ಶಾಂತಿ ಮುಖ್ಯವಾಗಿತ್ತು. ಆ ಅಲಕ್ಷ್ಯದ ಸಂದಿಯಲ್ಲಿ ಯುನಿಟೇರಿಯನ್ನರು ಬದುಕಿದರು. ಅದನ್ನ ಇಂದಿನ ಅರ್ಥದ ಸರ್ವಧರ್ಮ ಸಮಾನತೆ ಅನ್ನೋದು ಸರಿಯಲ್ಲ.

ಧಾರವಾಡದ_ಪುಟ್ಯಾ

ಸಮಾನತಾ ಅಂತ ನಾ ಅಂದಿಲ್ರೀ. ಆದ್ರ ಅದೇ ಶತಮಾನದಾಗ ಪಶ್ಚಿಮ ಯುರೋಪಿನ್ಯಾಗ ತ್ರಿಯೇಕ ಒಪ್ಪದವ್ರನ್ನ ಸುಟ್ಟಾರ. 1553ರಾಗ ಜಿನೀವಾದಾಗ ಸರ್ವೇಟಸ್‌ನ ಸುಟ್ಟಿದ್ದು ಗೊತ್ತದಲ್ಲ? ಅದರ ಮುಂದ ಪೇಚ್ ಎಷ್ಟೋ ಚಲೋ. ಸಂದಿಯೊಳಗ ಬದುಕಿದ್ರೂ ಬದುಕಿದ್ದು ಬದುಕಿದ್ದs.

ಕಲ್ಲುಕಂಬ

ದಾಖಲೆ ಒಂದು ಕಡೆ ಇರಲಿ. ಊರಿನ ಮುಖ್ಯ ಚೌಕದಲ್ಲಿ ನಿಂತರೆ ಕಲ್ಲುಗಳೇ ಅನುಕ್ರಮ ಹೇಳುತ್ತವೆ. ಸೇಚೆನಿ ಚೌಕದ ಘಾಜಿ ಕಾಸಿಂ ಪಾಷಾ ಮಸೀದಿ ಇವತ್ತು ಕ್ಯಾಥೊಲಿಕ್ ಚರ್ಚು. ಅದನ್ನು ಹೀಗೆ ಓದಿ.

ಮೊದಲು ದಿಕ್ಕು. ಚೌಕದ ಸುತ್ತಲಿನ ಕಟ್ಟಡಗಳ ಸಾಲಿಗೆ ಇದು ಹೊಂದುವುದಿಲ್ಲ, ಓರೆಯಾಗಿ ಕೂತಿದೆ. ಕಿಬ್ಲಾ (ನಮಾಜಿಗೆ ಮುಖ ಮಾಡುವ ಮೆಕ್ಕಾ ದಿಕ್ಕು) ಆಗ್ನೇಯಕ್ಕೆ ಬರುವ ಕಾರಣ ಇಡೀ ಕಟ್ಟಡವನ್ನೇ ತಿರುಗಿಸಿ ಕಟ್ಟಿದ್ದಾರೆ. ಎರಡನೆಯದು ಕಲ್ಲು: ಅದೇ ಚೌಕದಲ್ಲಿದ್ದ ಮಧ್ಯಯುಗದ ಸಂತ ಬಾರ್ತಲೋಮಿಯೊ ಚರ್ಚನ್ನು ಕೆಡವಿ ಅದರ ಕಲ್ಲನ್ನೇ ಬಳಸಿದರು. ಮೂರನೆಯದು ಒಳಗೋಡೆ: ತುದಿ ಚೂಪಾದ ಕಮಾನಿನ ಕಿಟಕಿಗಳು, ಕಿಬ್ಲಾ ತೋರಿಸುವ ಮಿಹ್ರಾಬ್‌ನ ಗೂಡು, ಗಾರೆಯ ಕೆಳಗಿಂದ ಮತ್ತೆ ಬೆಳಕಿಗೆ ಬಂದ ಕುರ್‌ಆನ್ ಬರಹ. ಆಮೇಲೆ ಇಲ್ಲದ್ದನ್ನು ಗಮನಿಸಿ: ಮಿನಾರ್ ಇಲ್ಲ. ಜೆಸುಯಿಟರ (ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘ) ಕೈಗೆ ಬಂದಮೇಲೆ 1766ರಲ್ಲಿ ಅದನ್ನು ಕೆಡವಿದರು. ವಾಯವ್ಯದ ಅರ್ಧವೃತ್ತಾಕಾರದ ಭಾಗ ಮಾತ್ರ 20ನೇ ಶತಮಾನದ್ದು, 1939-42ರಲ್ಲಿ ಸೇರಿಸಿದ್ದು. ಅದೇ ಕೆಲಸದಲ್ಲಿ ಹಿಂದೆ ಅಂಟಿಸಿದ್ದ ಬರೋಕ್ ಭಾಗಗಳನ್ನು ತೆಗೆದುಹಾಕಿ ಮಸೀದಿಯ ಮೂಲ ಆಕಾರವನ್ನು ಮತ್ತೆ ತೋರಿಸಿದರು. ಗುಮ್ಮಟದ ತುದಿಯಲ್ಲಿ ಅರ್ಧಚಂದ್ರ, ಅದರ ಮೇಲೆ ಶಿಲುಬೆ.

ಯಾಕೊವಲಿ ಹಸನ್ ಮಸೀದಿ ಇನ್ನೊಂದು. 23 ಮೀಟರಿನ ಮಿನಾರ್ ಹಾಗೇ ಉಳಿದಿದೆ. 18ನೇ ಶತಮಾನದಲ್ಲಿ ಸಂತ ನೆಪೋಮುಕ್ ಜಾನ್ ಹೆಸರಿನ ಪ್ರಾರ್ಥನಾಲಯ ಆಗಿತ್ತು, ಈಗ ವಸ್ತುಸಂಗ್ರಹಾಲಯವೂ ಹೌದು, ನಮಾಜು ನಡೆಯುವ ಮಸೀದಿಯೂ ಹೌದು. ಪಕ್ಕದಲ್ಲಿ ಮೆವ್ಲೆವಿ ಅನ್ನುವ ಸೂಫಿ ಪಂಥದ ದರ್ವೇಶಿಗಳ ಮಠ ಇತ್ತು. ಇದ್ರಿಸ್ ಬಾಬಾ ಅನ್ನುವ ಮುಸ್ಲಿಂ ಸಂತನ ಗೋರಿಯನ್ನು ಮುಂದೆ ಮದ್ದುಗುಂಡಿನ ಕೋಠಿ ಮಾಡಿಕೊಂಡರು, ಹಾಗಾಗಿ ಅದು ಕೆಡವುವವರ ಕೈಯಿಂದ ತಪ್ಪಿಸಿಕೊಂಡಿತು.

ಒಂದು ಎಚ್ಚರಿಕೆ: ಉಳಿದಿರುವ ಮಸೀದಿಗಳ ಸಂಖ್ಯೆಯಿಂದ ಮುಸಲ್ಮಾನರ ಸಂಖ್ಯೆ ಅಳೆಯಬೇಡಿ. ಚರ್ಚು, ಉಗ್ರಾಣ ಏನಾದರೂ ಮಾಡಲು ಅನುಕೂಲವಾದದ್ದು ಉಳಿಯಿತು, ಉಳಿದದ್ದು ಕಟ್ಟಡದ ಕಲ್ಲಾಗಿ ಹೋಯಿತು.

ಸಂಜೆಗಾಳಿ

ಒಟ್ಟೊಮನ್ ಇತಿಹಾಸಕಾರ ಇಬ್ರಾಹಿಂ ಪೆಚೆವಿ ಹುಟ್ಟಿದ್ದು ಇದೇ ಊರಿನಲ್ಲಿ, 1570ರ ದಶಕದಲ್ಲಿ. ತಾಯಿಯ ಕಡೆಯಿಂದ ಬೋಸ್ನಿಯಾದ ಸೊಕೊಲೊವಿಚ್ ಮನೆತನ. ದಫ್ತರದಾರ್ ಹೇಳಿದ ‘ಬೋಸ್ನಿಯಾದಿಂದ ಬಂದ ಮುಸಲ್ಮಾನರು’ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಇಸ್ತಾಂಬುಲಿಗೆ ಕಾಫಿ ಅಂಗಡಿ ಬಂದ ಕಥೆ ನಮಗೆ ಸಿಗೋದು ಈತನ ಬರಹದಲ್ಲೇ. 1550ರ ದಶಕದಲ್ಲಿ ಅಲೆಪ್ಪೊದಿಂದ ಒಬ್ಬ, ಡಮಾಸ್ಕಸ್‌ನಿಂದ ಒಬ್ಬ ಬಂದು ಅಂಗಡಿ ತೆರೆದರಂತೆ.

ಬೆಳ್ಳಕ್ಕಿ

ಆ ಕಾಫಿಯೂ ಯೆಮನ್‌ದೇ, ಬಾಬಾಬುಡನ್ ಚಿಕ್ಕಮಗಳೂರು ಬೆಟ್ಟಕ್ಕೆ ತಂದರು ಅಂತ ಹೇಳೋ ಬೀಜವೂ ಯೆಮನ್‌ದೇ.

ನಕ್ಷೆಪ್ರಿಯ

ಕಾಫಿಗೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೀನಿ. ಈಗ 1686ಕ್ಕೆ ಬನ್ನಿ. ಮುಸಲ್ಮಾನರು ಎಲ್ಲಿ ಹೋದರು?

ಹಳೇಪುಟ

1686 ಸೆಪ್ಟೆಂಬರ್ 2ಕ್ಕೆ ಬುಡಾ (ಇಂದಿನ ಬುಡಾಪೆಸ್ಟಿನ ಭಾಗ) ಒಟ್ಟೊಮನ್ನರ ಕೈತಪ್ಪಿತು. ಅಕ್ಟೋಬರಿನಲ್ಲಿ ಹ್ಯಾಬ್ಸ್‌ಬರ್ಗ್ ಸೇನಾಪತಿ ಬಾಡೆನ್‌ನ ಲೂಯಿಯ ಸೈನ್ಯ ಪೇಚ್ ಮುತ್ತಿತು. ಒಟ್ಟೊಮನ್ ಕೋಟೆಪಡೆ ಕೆಳಪಟ್ಟಣಕ್ಕೆ ಬೆಂಕಿ ಇಟ್ಟು ಕೋಟೆಯೊಳಗೆ ಸೇರಿತು, ಕೆಲವೇ ದಿನದಲ್ಲಿ ಶರಣಾಯಿತು. ಸಿಪಾಯಿಗಳು ಸೆರೆಯಾದರು, ಸಾಮಾನ್ಯ ಮುಸ್ಲಿಂ ಕುಟುಂಬಗಳಲ್ಲಿ ಆಗಲೇ ಬಹಳಷ್ಟು ದ್ರಾವಾ ನದಿ ದಾಟಿ ಬೋಸ್ನಿಯಾ ಕಡೆ ಹೋಗಿದ್ದವು. ಅದಕ್ಕೂ ಮೊದಲು 1664ರ ಜನವರಿಯಲ್ಲಿ ಒಟ್ಟೊಮನ್ನರ ವಿರುದ್ಧ ಸೇನಾನಿ ಮಿಕ್ಲೋಶ್ ಜ್ರೀನಿಯ ಚಳಿಗಾಲದ ದಂಡಯಾತ್ರೆಯಲ್ಲಿ ಊರು ಒಮ್ಮೆ ಸುಟ್ಟಿತ್ತು. ಹಾಗಾಗಿ 1686ರ ವಿಜೇತರಿಗೆ ಸಿಕ್ಕಿದ್ದು ತುಂಬಿದ ಊರಲ್ಲ. ಉಳಿದ ಮುಸಲ್ಮಾನರಲ್ಲಿ ಕೆಲವರು, ಅದರಲ್ಲೂ ಅನಾಥ ಮಕ್ಕಳು, ಸೆರೆಯಾದ ಹೆಂಗಸರು, ಜ್ಞಾನಸ್ನಾನ ಪಡೆದು ಇಲ್ಲೇ ಉಳಿದರು. ಹಂಗೇರಿಯ ಹಳೆಯ ಚರ್ಚ್ ರಿಜಿಸ್ಟರುಗಳಲ್ಲಿ ಇಂಥ ದಾಖಲೆಗಳು ‘ತುರ್ಕ’ ಅನ್ನುವ ಲ್ಯಾಟಿನ್ ಗುರುತಿನ ಜೊತೆ ಬರುತ್ತವೆ.

ಖಾಲಿ ಮನೆ ತುಂಬಿದವರು ಮೂರು ಗುಂಪು: ಬೋಸ್ನಿಯಾ ಮತ್ತು ಕ್ರೊಯೇಷಿಯಾದ ಸ್ಲಾವ್ ಕ್ಯಾಥೊಲಿಕರು, ಜರ್ಮನ್ನರು, ಸುತ್ತಲಿನ ಹಂಗೇರಿಯನ್ನರು. ಬಿಷಪ್ ಮಾತ್ಯಾಶ್ ರಾದನೈ ಮತ್ತು ಜೆಸುಯಿಟರು ಸೇರಿ ಕ್ಯಾಥೊಲಿಕ್ ಅಲ್ಲದವರಿಗೆ ಪೌರತ್ವ ಸಿಗದ ಹಾಗೆ ಮಾಡಿದರು. 1690ರ ದಶಕದಿಂದ ಮುಂದಿನ ಸುಮಾರು ನೂರು ವರ್ಷ ಪೇಚ್ ಕ್ಯಾಥೊಲಿಕ್ ಊರಾಗಿ ಉಳಿದದ್ದಕ್ಕೆ ಕಾರಣ ಈ ನಿಯಮ. ಮನೆ ಕೊಳ್ಳಲು, ಕಸುಬಿನ ಸಂಘ ಸೇರಲು ಪೌರತ್ವ ಬೇಕು, ಪೌರತ್ವಕ್ಕೆ ಕ್ಯಾಥೊಲಿಕ್ ಆಗಿರಬೇಕು. 1704ರಲ್ಲಿ ಹ್ಯಾಬ್ಸ್‌ಬರ್ಗ್ ವಿರುದ್ಧದ ರಾಕೋತ್ಸಿ ಬಂಡಾಯದ ಕಾಲಕ್ಕೆ ಊರು ಮತ್ತೆ ಲೂಟಿಯಾಗಿ ಬಹಳಷ್ಟು ಸಾವುನೋವಾದಾಗ ಮತ್ತೊಮ್ಮೆ ಹೊಸಬರು ಬಂದರು, ಅವರೂ ಅದೇ ಜರಡಿಯಲ್ಲಿ ಸೋಸಿ ಬಂದವರೇ.

ಕುಡ್ಲದ_ಓದು

ಇಲ್ಲಿ ಒಪ್ಪುವುದಿಲ್ಲ. ‘ಜರಡಿ’ ಅಂತ ನಯವಾಗಿ ಹೇಳಿದರೆ ಯುನಿಟೇರಿಯನ್ನರಿಗೆ ಆದದ್ದು ಮುಚ್ಚಿಹೋಗ್ತದೆ. ಅವರು ಎಲ್ಲಿಂದಲೋ ಬಂದವರಲ್ಲ, ಅದೇ ಊರಿನ ಹಳೆಯ ಹಂಗೇರಿಯನ್ ನಿವಾಸಿಗಳು. ಮತ ಬಿಡು, ಇಲ್ಲ ಊರು ಬಿಡು ಅಂತ ಆಯಿತು. ಒಂದೇ ತಲೆಮಾರಿನಲ್ಲಿ ಅವರ ಸಭೆ ಇಲ್ಲವಾಯಿತು. ಹಂಗೇರಿಯಲ್ಲಿ ಯುನಿಟೇರಿಯನ್ ಮತಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1848ರ 20ನೇ ಕಾಯ್ದೆಯಲ್ಲಿ. ಇದನ್ನು ಬಲವಂತದ ಮತಾಂತರ ಅಂತಲೇ ಬರೆಯಬೇಕು.

ಹಳೇಪುಟ

ಯುನಿಟೇರಿಯನ್ನರ ಮಟ್ಟಿಗೆ ಪೂರ್ತಿ ಒಪ್ಪಿಗೆ. ಆದರೆ ಪ್ರಶ್ನೆ ಇಡೀ ಊರಿನದ್ದು. 1720ರ ಪೇಚ್‌ನ ಕ್ಯಾಥೊಲಿಕರಲ್ಲಿ ಹೆಚ್ಚಿನವರ ಅಜ್ಜಂದಿರು 1680ರಲ್ಲಿ ಪೇಚ್‌ನಲ್ಲೇ ಇರಲಿಲ್ಲ. ಬಲವಂತ ಆದದ್ದು ಉಳಿದ ಸಣ್ಣ ಗುಂಪಿನ ಮೇಲೆ, ದೊಡ್ಡ ಬದಲಾವಣೆ ತಂದದ್ದು ವಲಸೆ.

ಸರ್ಬಿಯನ್ ಆರ್ಥೊಡಾಕ್ಸರ ವಿಷಯದಲ್ಲಿ ಇನ್ನೊಂದು ಥರ. 1690ರ ಆರಂಭದಲ್ಲಿ ರಾದನೈ ಅವರ ಒಂದು ಗುಂಪನ್ನು ರೋಮಿನ ಜೊತೆ ಐಕ್ಯಕ್ಕೆ, ಅಂದರೆ ಪೋಪರ ಅಧಿಕಾರ ಮಾನ್ಯ ಮಾಡಲು, ಒಪ್ಪಿಸಿದ್ದರು. ಅದೇ ವರ್ಷ ಸರ್ಬಿಯನ್ ಚರ್ಚಿನ ಮುಖ್ಯಸ್ಥ, ಪಾತ್ರಿಯಾರ್ಕ್ ಆರ್ಸೆನಿಯೆ ಜೊತೆ ದೊಡ್ಡ ಸರ್ಬಿಯನ್ ವಲಸೆ ಬಂತು, ಹ್ಯಾಬ್ಸ್‌ಬರ್ಗ್ ದೊರೆ ಲಿಯೊಪೋಲ್ಡ್ ಅವರಿಗೆ ಮತಸ್ವಾತಂತ್ರ್ಯದ ಸನ್ನದು ಕೊಟ್ಟ. ಐಕ್ಯ ಅಲ್ಲಿಗೇ ಸಡಿಲಾಯಿತು. ಅವರಿಗೆ ಸೈನ್ಯದ ಬೆಂಬಲ ಇತ್ತು, ಯುನಿಟೇರಿಯನ್ನರಿಗೆ ಯಾರೂ ಇರಲಿಲ್ಲ.

ನಕ್ಷೆಪ್ರಿಯ

18-19ನೇ ಶತಮಾನಕ್ಕೆ ರಿಜಿಸ್ಟರ್ ಓದುವ ಕ್ರಮ ಹೇಳ್ತೀರಾ? ಕ್ಯಾಥೊಲಿಕ್ ರಿಜಿಸ್ಟರಿನಲ್ಲಿ ಇರೋ ಎಲ್ಲರೂ ಕ್ಯಾಥೊಲಿಕ್ ಅಂತ ಹಿಡಿಯಬಹುದಾ?

ಹಳೇಪುಟ

ಖಂಡಿತ ಹಿಡಿಯಬಾರದು. ತಮ್ಮದೇ ಪಾದ್ರಿ ಇಲ್ಲದ ಊರಿನಲ್ಲಿ ಲೂಥರನ್, ಕ್ಯಾಲ್ವಿನ್ ಪಂಥದವರ ಹುಟ್ಟು, ಮದುವೆ, ಸಾವು ಕ್ಯಾಥೊಲಿಕ್ ಪುಸ್ತಕಕ್ಕೇ ಏರುತ್ತಿತ್ತು. ಪಾದ್ರಿ ಅಂಚಿನಲ್ಲಿ ಸಂಕ್ಷೇಪ ಬರೆಯುತ್ತಾರೆ: ‘ಎ.ಸಿ.’ ಅಂದರೆ ಆಗ್ಸ್‌ಬರ್ಗ್ ನಂಬಿಕೆ, ಲೂಥರನ್. ‘ಎಚ್.ಸಿ.’ ಅಂದರೆ ಹೆಲ್ವೆಟಿಕ್, ಕ್ಯಾಲ್ವಿನ್. ‘ಜಿ.ಎನ್.ಯು.’ ಅಂದರೆ ರೋಮ್ ಜೊತೆ ಸೇರದ ಗ್ರೀಕ್, ಆರ್ಥೊಡಾಕ್ಸ್. ಅಂಚು ಬಿಟ್ಟು ಬರೀ ಹೆಸರಿನ ಕಾಲಂ ನಕಲು ಮಾಡಿದ ಸೂಚಿಗಳಲ್ಲಿ ಈ ಗುರುತು ಬಿದ್ದುಹೋಗಿರುತ್ತೆ. ಮೂಲ ಪುಟದ ಚಿತ್ರವನ್ನೇ ನೋಡಬೇಕು.

1781ರ ಜೋಸೆಫ್ ದೊರೆಯ ಸಹಿಷ್ಣುತಾ ಶಾಸನದ ನಂತರ ನೂರು ಕುಟುಂಬ ಇದ್ದ ಕಡೆ ಪ್ರಾರ್ಥನಾಲಯಕ್ಕೆ ಅವಕಾಶ. ಗೋಪುರ ಇಲ್ಲ, ಗಂಟೆ ಇಲ್ಲ, ಬೀದಿ ಕಡೆ ಬಾಗಿಲಿಲ್ಲ. ಪೇಚ್‌ನಂಥ ಊರಿನಲ್ಲಿ ನೂರು ಕುಟುಂಬ ಸೇರಲು ದಶಕಗಳೇ ಬೇಕು, ಹಾಗಾಗಿ ‘ಪ್ರಾಟೆಸ್ಟೆಂಟ್ ರಿಜಿಸ್ಟರ್ ಇಲ್ಲ, ಆದ್ದರಿಂದ ಪ್ರಾಟೆಸ್ಟೆಂಟರೇ ಇಲ್ಲ’ ಅನ್ನುವ ತರ್ಕ ನಿಲ್ಲುವುದಿಲ್ಲ.

ಮಿಶ್ರವಿವಾಹ ಇನ್ನೊಂದು ಬಲೆ. 1790-91ರ ಕಾಯ್ದೆ ಪ್ರಕಾರ ತಂದೆ ಕ್ಯಾಥೊಲಿಕ್ ಆದರೆ ಮಕ್ಕಳೆಲ್ಲ ಕ್ಯಾಥೊಲಿಕ್. ತಾಯಿ ಕ್ಯಾಥೊಲಿಕ್ ಆದರೆ ಗಂಡುಮಕ್ಕಳು ಮಾತ್ರ ತಂದೆಯ ಮತಕ್ಕೆ ಹೋಗಬಹುದು. 1868ರಿಂದ ಗಂಡು ತಂದೆಯದ್ದು, ಹೆಣ್ಣು ತಾಯಿಯದ್ದು. ಆದ್ದರಿಂದ ಒಂದೇ ಮನೆಯ ಅಣ್ಣ ತಂಗಿ ಎರಡು ಪುಸ್ತಕದಲ್ಲಿ ಸಿಕ್ಕರೆ ಗಾಬರಿ ಬೇಡ. ಅಣ್ಣನನ್ನು ಕ್ಯಾಥೊಲಿಕ್ ಪುಸ್ತಕದಲ್ಲಿ ಕಂಡು ‘ಈ ಕುಟುಂಬ ಮತಾಂತರವಾಯಿತು’ ಅಂತ ಬರೆದವರು ಬಹಳ ಮಂದಿ.

ರಿಜಿಸ್ಟರ್ ಕಳೆದುಹೋಗಿದ್ದರೆ 1828ರಿಂದ ಕಡ್ಡಾಯವಾದ ಎರಡನೇ ಪ್ರತಿ ಕೌಂಟಿ ದಫ್ತರಖಾನೆಯಲ್ಲಿ ಸಿಗುತ್ತೆ. 1895 ಅಕ್ಟೋಬರ್ 1ರಿಂದ ಸರ್ಕಾರಿ ನೋಂದಣಿ, ಅಲ್ಲಿಂದ ಚರ್ಚಿನ ಪುಸ್ತಕ ಪೂರಕ ಮಾತ್ರ.

ಗಣತಿಗಾರ

ಒಂದು ಸೇರ್ಪಡೆ. 1784-87ರ ಜೋಸೆಫ್ ಗಣತಿಯನ್ನ ಮತವಾರು ಲೆಕ್ಕಕ್ಕೆ ಬಳಸಬೇಡಿ. ಅದು ಕ್ರೈಸ್ತ, ಯಹೂದಿ ಅಂತ ಎರಡೇ ಮಾಡುತ್ತೆ, ಉದ್ದೇಶ ಸೈನ್ಯಕ್ಕೆ ಜನ ಹುಡುಕೋದು. ಪಂಥವಾರು ಆಧುನಿಕ ಗಣತಿ 1869ರಿಂದ.

ಸಂಜೆಗಾಳಿ

ಯಹೂದಿಗಳ ಬಗ್ಗೆ ಯಾರೂ ಬರೆದಿಲ್ಲ, ಅದು ದೊಡ್ಡ ಕೊರತೆ.

1840ರ 29ನೇ ಕಾಯ್ದೆ ಯಹೂದಿಗಳಿಗೆ ಗಣಿಪಟ್ಟಣ ಬಿಟ್ಟು ಉಳಿದ ನಗರಗಳಲ್ಲಿ ನೆಲೆಸುವ ಹಕ್ಕು ಕೊಟ್ಟಿತು. ಅದಕ್ಕೆ ಮೊದಲು ಪೇಚ್‌ನಲ್ಲಿ ಬೆರಳೆಣಿಕೆಯ ಕುಟುಂಬಗಳು. ಆಮೇಲೆ ಸುತ್ತಲಿನ ಬರಾನ್ಯ ಕೌಂಟಿಯ (ಜಿಲ್ಲೆಯ) ಹಳ್ಳಿಗಳಿಂದ ಬಂದು ಸೇರಿದರು, 1867ರ ಸಮಾನಹಕ್ಕಿನ ಕಾಯ್ದೆ ನಂತರ ಇನ್ನೂ ವೇಗ. 1869ರಲ್ಲಿ ಈಗಿನ ಕೊಶೂಟ್ ಚೌಕದ ದೊಡ್ಡ ಸಿನಗಾಗ್ (ಯಹೂದಿಗಳ ಪ್ರಾರ್ಥನಾಲಯ) ಉದ್ಘಾಟನೆ. ಹಂಗೇರಿಯ ಯಹೂದಿಗಳು ನಿಯೊಲಾಗ್ (ಸುಧಾರಣಾವಾದಿಗಳು), ಆರ್ಥೊಡಾಕ್ಸ್ (ಸಂಪ್ರದಾಯವಾದಿಗಳು), ಎರಡಕ್ಕೂ ಸೇರದವರು ಅಂತ ಒಡೆದದ್ದೂ 1868-69ರ ಮಹಾಸಭೆಯ ನಂತರವೇ. ಪೇಚ್ ನಿಯೊಲಾಗ್ ಕಡೆ ನಿಂತಿತು. ಕಟ್ಟಡದಲ್ಲೇ ಅದು ಕಾಣುತ್ತೆ: ಒಳಗೆ ಆರ್ಗನ್ ವಾದ್ಯ ಇದೆ, ಆರ್ಥೊಡಾಕ್ಸ್ ಸಿನಗಾಗಿನಲ್ಲಿ ಆರ್ಗನ್ ಇಡಲ್ಲ. ಆ ಆರ್ಗನ್ ಕಟ್ಟಿದವರು ಕ್ಯಾಥೊಲಿಕ್ ಕುಶಲಕರ್ಮಿ ಯೋಜೆಫ್ ಆಂಗ್‌ಸ್ಟರ್. ಪ್ಯಾರಿಸ್‌ನ ಕವಾಯೆ-ಕೋಲ್ ಕಾರ್ಯಾಗಾರದಲ್ಲಿ ಪಳಗಿ ಬಂದು 1867ರಲ್ಲಿ ಪೇಚ್‌ನಲ್ಲಿ ಕಾರ್ಖಾನೆ ತೆರೆದರು, ಅವರ ಕಾರ್ಖಾನೆಯ ಮೊದಲ ಆರ್ಗನ್ ಇದೇ ಸಿನಗಾಗಿನದ್ದು.

1944 ಮಾರ್ಚ್ 19ಕ್ಕೆ ಜರ್ಮನ್ ಸೈನ್ಯ ಹಂಗೇರಿಗೆ ಬಂತು. ಮೇ ತಿಂಗಳಲ್ಲಿ ಪೇಚ್‌ನ ಯಹೂದಿಗಳನ್ನ ರೈಲುನಿಲ್ದಾಣದ ಹತ್ತಿರ ಘೆಟ್ಟೊದಲ್ಲಿ ಕೂಡಿದರು, ಜುಲೈ ಮೊದಲ ವಾರದಲ್ಲಿ ನಾಜಿಗಳ ಆಶ್‌ವಿಟ್ಸ್ ಕೊಲೆಶಿಬಿರಕ್ಕೆ ಸಾಗಿಸಿದರು. ಮರಳಿ ಬಂದವರು ಕೆಲವೇ ನೂರು. ಸುಮಾರು ಮೂರೂವರೆ ಸಾವಿರ ಜನರಿದ್ದ ಸಮುದಾಯ ಅದು, ಈಗ ಕಟ್ಟಡ ಇದೆ, ಆ ಜನ ಇಲ್ಲ. ನಕ್ಷೆಯಲ್ಲಿ ಇದನ್ನ ‘ಇಳಿಕೆ’ ಅಂತ ತೋರಿಸಬೇಡಿ, ಕೊಲೆ ಅಂತಲೇ ಬರೆಯಿರಿ.

ಗಣತಿಗಾರ

ಸರಿಯಾದ ಮಾತು. ಜೊತೆಗೆ ಒಂದು ತಾಂತ್ರಿಕ ಅಂಶ. 1941ರ ಗಣತಿಯಲ್ಲಿ ಮತದ ಕಾಲಂ ಬೇರೆ, ಯಹೂದಿ ವಿರೋಧಿ ಕಾನೂನುಗಳ ಪ್ರಕಾರ ‘ಯಹೂದಿ’ ಅಂತ ಗುರುತಿಸಿದ ಲೆಕ್ಕ ಬೇರೆ. ಕ್ರೈಸ್ತರಾಗಿ ಜ್ಞಾನಸ್ನಾನ ಪಡೆದವರೂ ಎರಡನೆಯದರಲ್ಲಿ ಬರುತ್ತಾರೆ. ಕ್ಯಾಥೊಲಿಕರು, ಕ್ಯಾಲ್ವಿನ್ನರು ಅಂತ ಬರೆಸಿದ್ದವರೂ ಆ ರೈಲಿನಲ್ಲಿದ್ದರು. ಮತದ ಕಾಲಂ ಮಾತ್ರ ನೋಡಿದರೆ ಸತ್ತವರ ಲೆಕ್ಕ ಕಡಿಮೆ ಬೀಳುತ್ತೆ.

1946-48ರಲ್ಲಿ ಜರ್ಮನ್ನರ ಉಚ್ಚಾಟನೆ. ಬರಾನ್ಯದ ಜರ್ಮನ್ನರಲ್ಲಿ ಕ್ಯಾಥೊಲಿಕರೇ ಹೆಚ್ಚು. ಅವರ ಮನೆಗಳಿಗೆ ಬಂದವರಲ್ಲಿ ಸ್ಲೊವಾಕಿಯಾದಿಂದ ವಿನಿಮಯದಲ್ಲಿ ಬಂದ ಕ್ಯಾಲ್ವಿನ್ ಹಂಗೇರಿಯನ್ನರೂ ಇದ್ದರು. ಆಮೇಲೆ 1950ರ ದಶಕದಿಂದ ಮೆಚೆಕ್ ಬೆಟ್ಟದ ಯುರೇನಿಯಂ ಗಣಿ, ಕಲ್ಲಿದ್ದಲು ಗಣಿಗೆ ದೇಶದ ಎಲ್ಲ ಕಡೆಯಿಂದ ಕೆಲಸಗಾರರು. 1941ರಲ್ಲಿ ಲಕ್ಷ ದಾಟದ ಊರು 1990ಕ್ಕೆ 1.7 ಲಕ್ಷ. ಇವರ ಮತ ಯಾವುದು ಅಂತ ಗಣತಿ ಹೇಳಲ್ಲ, ಯಾಕಂದರೆ 1949ರ ನಂತರ 2001ರವರೆಗೆ ಮತದ ಪ್ರಶ್ನೆಯನ್ನೇ ಕೇಳಲಿಲ್ಲ. 52 ವರ್ಷದ ಕುರುಡು ಜಾಗ.

ಬೆಳ್ಳಕ್ಕಿ

2001 ಆದಮೇಲಾದರೂ ಲೆಕ್ಕ ಸರಿ ಇದೆಯಾ?

ಗಣತಿಗಾರ

ಉತ್ತರ ಕೊಡೋದು ಐಚ್ಛಿಕ, ಅದೇ ದೊಡ್ಡ ತೊಂದರೆ. ಇಡೀ ಹಂಗೇರಿಯ ಅಂಕಿ ತಗೊಳ್ಳಿ. ಮತದ ಪ್ರಶ್ನೆಗೆ ಉತ್ತರ ಸಿಗದವರು 2001ರಲ್ಲಿ ಸುಮಾರು ಶೇ. 11, 2011ರಲ್ಲಿ ಶೇ. 27, 2022ರಲ್ಲಿ ಶೇ. 40. ರೋಮನ್ ಕ್ಯಾಥೊಲಿಕ್ ಅಂದವರು ಅದೇ ಕ್ರಮದಲ್ಲಿ ಶೇ. 52, 37, 27.5. ಪತ್ರಿಕೆಗಳು ‘ಕ್ಯಾಥೊಲಿಕರು ಅರ್ಧಕ್ಕೆ ಇಳಿದರು’ ಅಂತ ಬರೆದವು.

ಉತ್ತರ ಕೊಟ್ಟವರಿಂದ ಮಾತ್ರ ಭಾಗಿಸಿ: 2001ರಲ್ಲಿ 58, 2011ರಲ್ಲಿ 51, 2022ರಲ್ಲಿ 46. ಇಳಿಕೆ ಇದೆ, ಆದರೆ ಅರ್ಧಕ್ಕಲ್ಲ. ಎರಡನೇ ಲೆಕ್ಕವೂ ಪೂರ್ತಿ ಸತ್ಯವಲ್ಲ, ಉತ್ತರ ಕೊಡದವರು ಕೊಟ್ಟವರ ಹಾಗೇ ಇರ್ತಾರೆ ಅಂತ ಅದು ಊಹಿಸುತ್ತೆ. ಎರಡನ್ನೂ ಪಕ್ಕಪಕ್ಕ ಕೊಡಿ.

ಧಾರವಾಡದ_ಪುಟ್ಯಾ

ಉತ್ತರಾ ಕೊಡದವ್ರೆಲ್ಲಾ ನಾಸ್ತಿಕರs ಇರಬೇಕಲ್ರೀ. ನಂಬಿಕಿ ಇದ್ದವ ಯಾಕ ಸುಮ್ಮನ ಕೂಡತಾನ?

ಗಣತಿಗಾರ

ಇಲ್ಲ ಪುಟ್ಯಾ ಅವರೇ, ‘ಯಾವ ಮತಕ್ಕೂ ಸೇರಿಲ್ಲ’ ಅನ್ನೋದಕ್ಕೆ ಬೇರೆ ಕಾಲಂ ಇದೆ. ಅದನ್ನ ಆರಿಸೋದು ಕಷ್ಟವೇನಲ್ಲ. ಸುಮ್ಮನಿರುವವರಲ್ಲಿ ಜ್ಞಾನಸ್ನಾನ ಆಗಿಯೂ ಚರ್ಚಿಗೆ ಹೋಗದವರು, ಸರ್ಕಾರಕ್ಕೆ ಇದೆಲ್ಲ ಯಾಕೆ ಹೇಳಬೇಕು ಅನ್ನುವವರು, 1944ರ ಪಟ್ಟಿಗಳ ನೆನಪು ಇರುವ ಮನೆಗಳವರು, ಎಲ್ಲ ಇದ್ದಾರೆ.

ಇನ್ನೊಂದು ಮಾಪನ ಬೇಕಾದರೆ, ಹಂಗೇರಿಯಲ್ಲಿ ಆದಾಯ ತೆರಿಗೆಯ ಶೇ. 1ನ್ನ ತಮಗಿಷ್ಟವಾದ ಚರ್ಚಿಗೆ ಬರೆದುಕೊಡುವ ವ್ಯವಸ್ಥೆ 1990ರ ದಶಕದ ಕೊನೆಯಿಂದ ಇದೆ. ಆದರೆ ಅದು ತೆರಿಗೆ ಕಟ್ಟುವವರ ಲೆಕ್ಕ. ಮಕ್ಕಳು, ಹೆಚ್ಚಿನ ಪಿಂಚಣಿದಾರರು ಅದರಲ್ಲಿ ಇಲ್ಲ.

ಕಲ್ಲುಕಂಬ

ರೋಮನ್ ಪದರ ಯಾರೂ ಮುಟ್ಟಲಿಲ್ಲ. ಸೋಪಿಯಾನೆ ಅನ್ನುವ ರೋಮನ್ ಪಟ್ಟಣದ 4ನೇ ಶತಮಾನದ ಕ್ರೈಸ್ತ ಸ್ಮಶಾನ 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಪೇತ್ರ-ಪೌಲರ ಚಿತ್ರವಿರುವ ಕೋಣೆ 1782ರಲ್ಲೇ ಸಿಕ್ಕಿದ್ದು, ಆದಾಮ-ಹವ್ವ ಮತ್ತು ಸಿಂಹಗಳ ನಡುವಿನ ದಾನಿಯೇಲನ ಚಿತ್ರವಿರುವ ಸಮಾಧಿಮಂದಿರ 1975ರಲ್ಲಿ. ಏಳು ಬಾಹುಗಳ ಒಂದು ಕಟ್ಟಡ ಅರ್ಧಕ್ಕೇ ನಿಂತಿದೆ, ಮುಗಿಯಲೇ ಇಲ್ಲ. ಇದನ್ನು ನಕ್ಷೆಗೆ ಹಾಕುವಾಗ 1009ರ ಬಿಷಪ್ ಪೀಠದವರೆಗೆ ಸೀದಾ ಗೆರೆ ಎಳೆಯಬೇಡಿ. 5ನೇ ಶತಮಾನದಲ್ಲಿ ಆ ಪ್ರಾಂತ ಹೂಣರ ಕೈಗೆ ಹೋಯಿತು, ಆಮೇಲೆ ಅವಾರರು, ಸ್ಲಾವರು, ಮಾಗ್ಯಾರರು (ಹಂಗೇರಿಯನ್ನರು). ಸ್ಮಶಾನವೂ ಕ್ಯಾಥೆಡ್ರಲ್ಲೂ ಒಂದೇ ಜಾಗದಲ್ಲಿವೆ ಅನ್ನುವುದು ಜಾಗದ ಮುಂದುವರಿಕೆ, ಸಭೆಯ ಮುಂದುವರಿಕೆ ಅಂತ ಅದರಿಂದ ಸಿದ್ಧವಾಗುವುದಿಲ್ಲ.

ನಕ್ಷೆಪ್ರಿಯ

ಎಲ್ಲರಿಗೂ ಧನ್ಯವಾದ. ಪದರಗಳಿಗೆ ಈ ಕಾಲಘಟ್ಟ ಇಟ್ಟುಕೊಳ್ತೀನಿ: 1540ರ ಸುಮಾರು, 1580, 1660, 1700, 1780, 1869, 1910, 1941, 1949, 2001, 2022. ಒಂದೇ ಗಡಿಯೊಳಗೆ ಎಲ್ಲವನ್ನೂ ತೋರಿಸಿದರೆ ಆಗುತ್ತಾ?

ದಫ್ತರದಾರ್

1660ಕ್ಕೆ ಒಟ್ಟೊಮನ್ ಪ್ರವಾಸಿ ಎವ್ಲಿಯಾ ಚೆಲೆಬಿಯ ಪ್ರವಾಸ ಕಥನ ಸಿಗುತ್ತೆ. ಮಸೀದಿ, ಮದರಸಾಗಳ ಹೆಸರಿಗೆ ಅದನ್ನ ಬಳಸಿ, ಮನೆಗಳ ಸಂಖ್ಯೆಗೆ ಬೇಡ, ಆತ ಅಂಕಿಗಳನ್ನ ಧಾರಾಳವಾಗಿ ಉಬ್ಬಿಸುತ್ತಾನೆ. 1580ಕ್ಕೆ ಶೇಕಡಾವಾರು ಬಣ್ಣ ತುಂಬಬೇಡಿ. ಗೋಡೆಯೊಳಗೆ ಒಂದು ಬಣ್ಣ, ಹೊರಕೇರಿಗೆ ಇನ್ನೊಂದು, ಅಷ್ಟು ಸಾಕು.

ಗಣತಿಗಾರ

ಒಂದೇ ಗಡಿ ಆಗಲ್ಲ. 1869ರಿಂದ 1949ರವರೆಗೆ ಹಳೇ ನಗರದ ಗಡಿ, 2001 ಮತ್ತು 2022ಕ್ಕೆ ಬೇರೆ ಗಡಿ. ನಡುವೆ ಸಬೋಲ್ಚ್, ವಶಶ್, ಹಿರ್ಡ್ ಮುಂತಾದ ಗಣಿ ಕಡೆಯ ಹಳ್ಳಿಗಳು ನಗರಕ್ಕೆ ಸೇರಿದವು. ಆ ಹಳ್ಳಿಗಳ ಹಳೇ ಅಂಕಿಗಳನ್ನ ಗಣತಿಯ ಹಳ್ಳಿವಾರು ಪುಸ್ತಕದಿಂದ ತೆಗೆದು 1869ರಿಂದಲೇ ಕೂಡಿಸಿ ಒಂದು ಪ್ರತಿ ಮಾಡಿ, ಕೂಡಿಸದೆ ಇನ್ನೊಂದು ಪ್ರತಿ. ಎರಡರ ನಡುವೆ ಎಷ್ಟು ವ್ಯತ್ಯಾಸ ಬರುತ್ತೆ ಅಂತ ಇಲ್ಲೇ ಹಾಕಿ, ನೋಡ್ತೀವಿ.